ಹೂಕುಂಡದ ಹೇನಿಗೆ ಸಾಬೂನಿನ ನೀರು

ಬೆಳಗಿನ ಕಾಫಿಯ ಲೋಟ ಕೈಯಲ್ಲಿ ಹಿಡಿದು, ಒಳಗೆ ಹಾಡುತ್ತಿರುವ ರೇಡಿಯೋಗೆ ಒಂದು ಕಿವಿ ಕೊಟ್ಟು, ನೀವು ಮನೆಯ ಮುಂದಿನ ಜಗಲಿಗೋ ಬಾಲ್ಕನಿಗೋ ಬರುತ್ತೀರಿ. ಸಾಲಾಗಿ ಇಟ್ಟ ಹತ್ತೆಂಟು ಕುಂಡಗಳು. ಒಂದರಲ್ಲಿ ತುಳಸಿ, ಇನ್ನೊಂದರಲ್ಲಿ ದಾಸವಾಳ, ಮೂಲೆಯಲ್ಲಿ ಕರಿಬೇವು, ಕಿಟಕಿಯ ಸರಳಿಗೆ ಹಬ್ಬಿಸಿದ ಮನಿಪ್ಲಾಂಟು. ನಿನ್ನೆಯವರೆಗೂ ಎಲ್ಲವೂ ಚೆನ್ನಾಗಿತ್ತೆಂದೇ ನಿಮ್ಮ ನಂಬಿಕೆ. ಈ ದಿನ ನೋಡಿದರೆ ದಾಸವಾಳದ ಮೊಗ್ಗಿನ ತೊಟ್ಟಿಗೆ ಯಾರೋ ಹತ್ತಿಯ ಎಳೆ ಅಂಟಿಸಿ ಹೋದಂತೆ ಬೆಳ್ಳಗೆ ಏನೋ ಕಾಣುತ್ತದೆ. ಎಲೆ ಮುಟ್ಟಿದರೆ ಬೆರಳಿಗೆ ಜಿಗುಟು. ಕುಂಡದ ಅಂಚಿನಿಂದ ಕೊಂಬೆಯ ತುದಿಯವರೆಗೆ ಇರುವೆಗಳ ಮೆರವಣಿಗೆ.

"ಅಯ್ಯೋ, ಗಿಡಕ್ಕೆ ರೋಗ ಬಂತು. ಏನಾದರೂ ಔಷಧಿ ಹೊಡೆಯಬೇಕು!" ನಮ್ಮೆಲ್ಲರ ಬಾಯಿಂದ ಬರುವ ಮೊದಲ ಮಾತು ಇದು. ಹುಳು ಕೊಲ್ಲುವ ವಿಷಕ್ಕೆ ನಾವು ಔಷಧಿಯೆಂದು ಹೆಸರಿಟ್ಟಿದ್ದೇವೆ. ಹೆಸರು ಔಷಧಿಯಾದ ಮೇಲೆ ಅದರ ಬಗ್ಗೆ ಭಯವೂ ಹೋಯಿತು. ಅದನ್ನು ಅಡುಗೆಮನೆಯ ಗೂಡಿನಲ್ಲಿ ಇಡಲು ಕೈ ಅಂಜುವುದಿಲ್ಲ. ಅಳತೆಯಿಲ್ಲದೆ ಸುರಿಯಲು ಮನಸ್ಸು ಹಿಂಜರಿಯುವುದಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲೇ ನಡೆದುದನ್ನು ಹೇಳುತ್ತೇನೆ. ನಮ್ಮ ಅತ್ತೆಯವರು ತಮ್ಮ ತವರಿನಿಂದ ಕಡ್ಡಿ ತಂದು ನೆಟ್ಟ ಕೆಂಪು ದಾಸವಾಳ ಒಂದುಂಟು. ಮನೆ ಬದಲಾದಾಗಲೆಲ್ಲ ಅದೂ ನಮ್ಮೊಡನೆ ಬಂದಿದೆ; ಈಗ ದೊಡ್ಡ ಕುಂಡದಲ್ಲಿ ಮಹಡಿಯ ಮೇಲಿದೆ. ಒಂದು ಬೇಸಗೆಯಲ್ಲಿ ಅದರ ಮೊಗ್ಗುಗಳೆಲ್ಲ ಅರಳುವ ಮೊದಲೇ ಉದುರತೊಡಗಿದುವು. ತೊಟ್ಟಿನ ತುಂಬ ಬಿಳಿಯ ಹಿಟ್ಟು. ಅತ್ತೆಯವರ ಪೂಜೆಗೆ ಹೂವಿಲ್ಲ. ಪರಿಚಿತರೊಬ್ಬರು ಕರುಣೆಯಿಂದ ತಮ್ಮ ತೋಟಕ್ಕೆ ತಂದಿದ್ದ ಔಷಧಿಯನ್ನು ತಂಪು ಪಾನೀಯದ ಹಳೆಯ ಸೀಸೆಯೊಂದಕ್ಕೆ ಬಗ್ಗಿಸಿ ಕೊಟ್ಟರು. ಅದಕ್ಕೆ ಹೆಸರಿನ ಚೀಟಿಯಿಲ್ಲ, ಅಳತೆಯಿಲ್ಲ. "ಒಂದು ಮುಚ್ಚಳ ಬಕೆಟ್ಟಿಗೆ ಹಾಕಿ ಹೊಡೆಯಿರಿ" ಎಂದರು, ಅಷ್ಟೆ. ಸಂಜೆ ಹೊಡೆಯೋಣವೆಂದು ನಾನು ಅದನ್ನು ಬಚ್ಚಲಿನ ಗೂಡಿನಲ್ಲಿಟ್ಟೆ. ಮಧ್ಯಾಹ್ನ ನಾಲ್ಕು ವರ್ಷದ ಮೊಮ್ಮಗ ಆ ಸೀಸೆಯನ್ನು ಎದೆಗವಚಿಕೊಂಡು ಬಂದು, "ಅಜ್ಜೀ, ಮುಚ್ಚಳ ಬರ್ತಿಲ್ಲ, ತೆಗೆದುಕೊಡು" ಎಂದ. ಮುಚ್ಚಳ ಬಿಗಿಯಾಗಿತ್ತು. ನಮ್ಮ ಪುಣ್ಯ ಅಷ್ಟೇ.

ಆ ಸೀಸೆಯನ್ನು ಅಂದೇ ಕೊಟ್ಟವರಿಗೆ ಹಿಂದಿರುಗಿಸಿ ಬಂದೆ. ಆ ದಿನದಿಂದ ನಮ್ಮ ಕುಂಡಗಳಿಗೆ ಎರಡೇ ವಸ್ತು: ಸಾಬೂನು ಮತ್ತು ಔಷಧಿ ಅಂಗಡಿಯ ಸ್ಪಿರಿಟ್ಟು. ದಾಸವಾಳ ಇಂದಿಗೂ ಹೂ ಬಿಡುತ್ತಿದೆ. ಆದರೆ ಈ ಎರಡನ್ನೂ ತಿಳಿದು ಬಳಸಬೇಕು. ತಿಳಿಯದೆ ಬಳಸಿದರೆ ಹುಳು ಉಳಿದು ಗಿಡ ಸಾಯುವುದೂ ಉಂಟು. ಅದನ್ನೂ ನಾನು ಮಾಡಿದ್ದೇನೆ, ಮುಂದೆ ಹೇಳುತ್ತೇನೆ.

ಮೊದಲು ಶತ್ರುವಿನ ಪರಿಚಯ ಮಾಡಿಕೊಳ್ಳೋಣ. ಮನೆಯ ಕುಂಡಗಳಿಗೆ ಬರುವ ಉಪದ್ರವಗಳಲ್ಲಿ ಹೆಚ್ಚಿನವು ಎಲೆ ಕಡಿದು ತಿನ್ನುವ ಹುಳುಗಳಲ್ಲ. ಸೂಜಿಯಂಥ ಬಾಯಿಯಿಂದ ರಸ ಹೀರುವ ಪುಟ್ಟ ಜೀವಿಗಳು. ಹತ್ತಿಯ ಎಳೆಯಂತೆ ಕಾಣುವುದು ಹಿಟ್ಟು ತಿಗಣೆ. ಗುಲಾಬಿಯ ಎಳೆಯ ಚಿಗುರಿಗೆ ಗುಂಪುಗುಂಪಾಗಿ ಮುತ್ತುವ ಹಸಿರು ಅಥವಾ ಕಪ್ಪು ಚುಕ್ಕೆಗಳು ಗಿಡಹೇನು. ಕಾಂಡಕ್ಕೆ ಕಂದು ಹುರುಪೆಯಂತೆ ಅಂಟಿಕೊಂಡು, ಉಗುರಿನಿಂದ ಕೆರೆದರೆ ಏಳುವುದು ಶಲ್ಕ ಕೀಟ. ಗಿಡ ಅಲುಗಿಸಿದೊಡನೆ ಬೂದಿ ಹಾರಿದಂತೆ ಏಳುವುದು ಬಿಳಿ ನೊಣ. ಇನ್ನು ಕಣ್ಣಿಗೆ ಸರಿಯಾಗಿ ಕಾಣದ ಒಂದು ಉಂಟು: ಜೇಡನುಸಿ. ಎಲೆಯ ಮೇಲೆ ಸಾಸಿವೆಗಿಂತ ಸಣ್ಣ ಹಳದಿ ಚುಕ್ಕೆಗಳು ಎದ್ದು ಎಲೆ ಮಂಕಾದರೆ ಕೆಳಗೊಂದು ಬಿಳಿಯ ಕಾಗದ ಹಿಡಿದು ಎಲೆಯನ್ನು ತಟ್ಟಿ ನೋಡಿ. ಬಿದ್ದ ಧೂಳಿನಲ್ಲಿ ಕೆಲವು ಕಣಗಳು ನಡೆಯತೊಡಗಿದರೆ ಅದೇ ನುಸಿ.

ಎಲೆಯ ಜಿಗುಟು ಎಲ್ಲಿಂದ ಬಂತು? ಗಿಡದ ರಸದಲ್ಲಿ ಸಕ್ಕರೆಯ ಅಂಶ ಬಹಳ. ಮೈ ಬೆಳೆಸುವ ಸಾರ ಕಡಿಮೆ. ಆ ಅಲ್ಪ ಸಾರಕ್ಕಾಗಿ ಕೀಟ ಮಿತಿಮೀರಿ ರಸ ಹೀರಬೇಕಾಗುತ್ತದೆ. ಹೆಚ್ಚಾದ ಸಕ್ಕರೆಯನ್ನು ಹಿಂದಿನಿಂದ ಸಿಹಿ ಅಂಟಾಗಿ ಹೊರಬಿಡುತ್ತದೆ. ಆ ಅಂಟಿನ ಮೇಲೆ ಕಾಡಿಗೆಯಂಥ ಕಪ್ಪು ಬೂಷ್ಟು ಬೆಳೆಯುತ್ತದೆ. ಅದೇ ಸಿಹಿಗೆ ಇರುವೆಗಳು ಬರುತ್ತವೆ. ಇರುವೆ ಗಿಡವನ್ನು ತಿನ್ನಲು ಬಂದುದಲ್ಲ. ಗೊಲ್ಲ ಹಸು ಕಾಯುವಂತೆ ಈ ಕೀಟಗಳನ್ನು ಕಾಯಲು ಬಂದದ್ದು. ಕೀಟವನ್ನು ತಿನ್ನಲು ಬರುವ ಇತರ ಪ್ರಾಣಿಗಳನ್ನು ಅದು ಓಡಿಸುತ್ತದೆ. ಆದ್ದರಿಂದ ಗಿಡದ ಮೇಲೆ ಇರುವೆಯ ಸಾಲು ಕಂಡರೆ ಅದು ಹೋಗುವ ದಾರಿಯನ್ನು ಕಣ್ಣಿನಿಂದ ಹಿಂಬಾಲಿಸಿ. ಕೊನೆಯಲ್ಲಿ ಕಳ್ಳ ಸಿಕ್ಕುತ್ತಾನೆ.

ಈಗ ಸಾಬೂನಿನ ವಿಷಯ. ಹಿಟ್ಟು ತಿಗಣೆಯ ಮೇಲೆ ಬರಿಯ ನೀರು ಚಿಮುಕಿಸಿ ನೋಡಿ. ಕೆಸುವಿನ ಎಲೆಯ ಮೇಲಿನ ಹನಿಯಂತೆ ನೀರು ಉರುಳಿಹೋಗುತ್ತದೆ. ಅದರ ಮೈಗೆ ಮೇಣದ ಹೊದಿಕೆ ಇದೆ. ಸಾಬೂನು ಎಣ್ಣೆ ಮತ್ತು ಕ್ಷಾರ ಕೂಡಿ ಆದ ವಸ್ತು. ಅದರ ಒಂದೊಂದು ಕಣಕ್ಕೂ ಒಂದು ತುದಿ ನೀರಿಗೆ ಒಲಿಯುವಂಥದು, ಇನ್ನೊಂದು ತುದಿ ಜಿಡ್ಡಿಗೆ ಒಲಿಯುವಂಥದು. ಬಾಣಲೆಯ ಜಿಡ್ಡನ್ನು ನೀರಿನೊಡನೆ ಕರೆದೊಯ್ಯುವ ಗುಣ ಇದೇ. ಸಾಬೂನಿನ ನೀರು ಕೀಟದ ಮೈಯಿಂದ ಜಾರಿಹೋಗದೆ ಹರಡಿ ಅಂಟುತ್ತದೆ, ಮೇಣವನ್ನು ಕಲಕುತ್ತದೆ, ಮೈಯ ಜೀವಕಣಗಳ ತೆಳುಪೊರೆಯನ್ನು ಕೆಡಿಸುತ್ತದೆ. ಒಳಗಿನ ನೀರು ಹೊರಗೆ ಸೋರಿ ಕೀಟ ಒಣಗಿ ಸಾಯುತ್ತದೆ.

ಇಲ್ಲಿ ಮುಖ್ಯವಾದ ಎರಡು ಮಾತುಗಳನ್ನು ಗಮನಿಸಿ. ಸಾಬೂನಿನ ನೀರು ಕೀಟದ ಮೈಗೆ ತಾಗಿದರೆ ಮಾತ್ರ ಕೆಲಸ ಮಾಡುತ್ತದೆ. ಪಕ್ಕದ ಎಲೆಗೆ ಬಿದ್ದರೆ ಪ್ರಯೋಜನವಿಲ್ಲ. ಮತ್ತು ಒದ್ದೆಯಾಗಿರುವವರೆಗೆ ಮಾತ್ರ ಕೆಲಸ ಮಾಡುತ್ತದೆ. ಒಣಗಿದ ಮೇಲೆ ಬಂದು ಕೂತ ಕೀಟಕ್ಕೆ ಅದರಿಂದ ಏನೂ ಆಗುವುದಿಲ್ಲ. ಅಂಗಡಿಯ ವಿಷಗಳಲ್ಲಿ ಅನೇಕವು ಎಲೆಯ ಮೇಲೆ ದಿನಗಟ್ಟಲೆ ನಿಂತು ಕೊಲ್ಲುತ್ತವೆ. ಕೆಲವು ಗಿಡದ ರಸದೊಳಗೇ ಸೇರುತ್ತವೆ. ಸಾಬೂನಿಗೆ ಆ ಶಕ್ತಿಯಿಲ್ಲ. ಅದೇ ಅದರ ದೌರ್ಬಲ್ಯ. ಮಕ್ಕಳಿರುವ ಮನೆಯಲ್ಲಿ ಅದೇ ಅದರ ಗುಣ. ಎಲೆಯ ಮೇಲೆ ವಿಷ ಉಳಿಯುವುದಿಲ್ಲ. ಆದರೆ ವಿಷ ಮಾಡುತ್ತಿದ್ದ ಕಾವಲನ್ನು ಇನ್ನು ಮೇಲೆ ನಿಮ್ಮ ಕಣ್ಣು ಮಾಡಬೇಕಾಗುತ್ತದೆ.

ಇದೇನೂ ಹೊಸ ಉಪಾಯವಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಪಾಶ್ಚಾತ್ಯ ದೇಶಗಳ ತೋಟಗಳಲ್ಲಿ ತಿಮಿಂಗಿಲದ ಎಣ್ಣೆಯ ಸಾಬೂನನ್ನು ಹೇನಿನ ಮೇಲೆ ಹೊಡೆಯುತ್ತಿದ್ದರು. ನಮ್ಮ ದೇಶದಲ್ಲಿ ಮೀನೆಣ್ಣೆ ಮತ್ತು ರಾಳ ಸೇರಿಸಿ ಕಾಯಿಸಿದ ಸಾಬೂನು ಬಹುಕಾಲ ಬಳಕೆಯಲ್ಲಿತ್ತು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಎಲ್. ಸಿ. ಕೋಲ್ಮನ್ ಮತ್ತು ಕೆ. ಕುಞ್ಞಿ ಕಣ್ಣನ್ ಅವರು ೧೯೧೮ರಲ್ಲಿ ದಕ್ಷಿಣ ಭಾರತದ ಕಾಫಿಯ ಶಲ್ಕ ಕೀಟಗಳನ್ನು ಕುರಿತು ಒಂದು ಪುಸ್ತಿಕೆಯನ್ನೇ ಬರೆದರು. ಅಂದು ಮಲೆನಾಡಿನ ಕಾಫಿಯನ್ನು ಕಾಡಿದ ಹಸಿರು ಶಲ್ಕ ಕೀಟ ಇಂದು ನಿಮ್ಮ ಕುಂಡದ ಕೇಪಳ ಹೂವಿನ ಗಿಡದ ಮೇಲೂ ಕೂರಬಲ್ಲುದು. ಎರಡನೆಯ ಮಹಾಯುದ್ಧದ ತರುವಾಯ ಡಿ. ಡಿ. ಟಿ. ಮೊದಲಾದ ಪ್ರಬಲ ವಿಷಗಳು ಬಂದುವು. ಬಡ ಸಾಬೂನು ಮೂಲೆ ಸೇರಿತು. ಆ ವಿಷಗಳು ಮಣ್ಣಿನಲ್ಲಿ, ನೀರಿನಲ್ಲಿ, ಹಕ್ಕಿಗಳ ಮೈಯಲ್ಲಿ ಕರಗದೆ ಉಳಿಯುವುದನ್ನು ಕಂಡ ಮೇಲೆ ಜನ ಹಿಂದಿರುಗಿ ನೋಡಿದರು. ನಮ್ಮ ದೇಶದಲ್ಲಿ ಕೃಷಿಗೆ ಡಿ. ಡಿ. ಟಿ. ಬಳಸುವುದನ್ನು ೧೯೮೯ರಲ್ಲಿ ನಿಷೇಧಿಸಲಾಯಿತು. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ತರಕಾರಿ ಬೆಳೆಗಳಿಗೆಂದು ಬೇವಿನ ಸಾಬೂನನ್ನೂ ಹೊಂಗೆಯ ಸಾಬೂನನ್ನೂ ರೂಪಿಸಿದೆ. ಅವು ಸಿಕ್ಕುವ ಊರಿನಲ್ಲಿರುವವರು ಪೊಟ್ಟಣದ ಮೇಲೆ ಬರೆದ ಪ್ರಮಾಣದಲ್ಲಿ ಅವನ್ನೇ ಬಳಸಿದರೆ ಬಹಳ ಚೆನ್ನು.

ಅವು ಸಿಕ್ಕದವರು ಯಾವ ಸಾಬೂನು ತರಬೇಕು? ಇಲ್ಲಿಯೇ ಎಡವುವವರು ಹೆಚ್ಚು. ಬಟ್ಟೆ ಒಗೆಯುವ ಪುಡಿಯಾಗಲಿ, ಪಾತ್ರೆ ತೊಳೆಯುವ ಹಸಿರು ದ್ರವವಾಗಲಿ ಸಾಬೂನಲ್ಲ. ನೊರೆ ಬರುವುದೆಲ್ಲ ಸಾಬೂನಾಗುವುದಿಲ್ಲ. ಅವು ಡಿಟರ್ಜೆಂಟು ಎಂಬ ಬೇರೆಯೇ ಜಾತಿ. ಒಗೆಯುವ ಪುಡಿಯಲ್ಲಿ ಸೋಡಾ, ಬಣ್ಣ, ಸುವಾಸನೆ ಬೇರೆ. ನಾನು ಮೊದಲ ಸಲ ಬಳಸಿದ್ದು ಇದೇ ಪುಡಿಯನ್ನು. ಅದೂ ನಡು ಮಧ್ಯಾಹ್ನ. ಅದುವರೆಗೆ ಸೊಂಪಾಗಿ ಇಳಿಬಿದ್ದಿದ್ದ ಜರಿಗಿಡ ಎರಡೇ ದಿನದಲ್ಲಿ ಹುರಿದ ಹಪ್ಪಳದಂತಾಯಿತು. ಅದರ ಮೇಲಿದ್ದ ತಿಗಣೆಗಳು ಪಕ್ಕದ ಕುಂಡಕ್ಕೆ ಹೋದುವು.

ಬೇಕಾದುದು ಬಣ್ಣ, ಸುವಾಸನೆ, ಕ್ರಿಮಿನಾಶಕ ಏನೂ ಸೇರದ ಸಾದಾ ಸಾಬೂನು. ತೆಂಗಿನೆಣ್ಣೆಯಿಂದ ಮನೆಯಲ್ಲೇ ಕಾಯಿಸಿದ ಸಾಬೂನು ಮಾರುವವರು ಈಗ ಅನೇಕ ಊರುಗಳಲ್ಲಿದ್ದಾರೆ. ಅಂಗಡಿಯಲ್ಲಿ ಮೈಸೋಪು ಕೊಳ್ಳುವುದಾದರೆ ಹೊದಿಕೆಯನ್ನು ತಿರುಗಿಸಿ ಓದಿ. ಟಿ. ಎಫ್. ಎಂ. ಎಂಬ ಮೂರಕ್ಷರಗಳ ಮುಂದೆ ಶೇಕಡಾ ಎಷ್ಟೆಂದು ಬರೆದಿರುತ್ತದೆ. ಎಣ್ಣೆ ಕೊಬ್ಬುಗಳಿಂದ ಬಂದ ನಿಜವಾದ ಅಂಶ ಎಷ್ಟೆಂಬ ಲೆಕ್ಕ ಅದು. ಮೊದಲ ದರ್ಜೆಯ ಸೋಪಿನಲ್ಲಿ ಅದು ಶೇಕಡಾ ೭೬ಕ್ಕೆ ಕಡಿಮೆ ಇರುವಂತಿಲ್ಲ. ಅಂಥದನ್ನು ಆರಿಸಿ, ಅದರಲ್ಲೂ ಸಪ್ಪೆಯಾದುದನ್ನು ಕೊಳ್ಳಿ.

ಅಳತೆ ಸುಲಭ. ೧೦೦ ಗ್ರಾಂ ತೂಕದ ಬಿಲ್ಲೆಯನ್ನು ೨೦ ಸಮಭಾಗ ಮಾಡಿದರೆ ಒಂದು ಚೂರು ೫ ಗ್ರಾಂ ಆಯಿತು. ಒಂದು ಲೀಟರು ನೀರಿಗೆ ಒಂದು ಚೂರು. ಚೂರನ್ನು ಸಣ್ಣಗೆ ಹೆರೆದು ಕಾಲು ಲೀಟರು ಬಿಸಿನೀರಿನಲ್ಲಿ ಕರಗಿಸಿ, ಆರಿದ ಮೇಲೆ ಉಳಿದ ನೀರು ಸೇರಿಸಿ. ಗಟ್ಟಿ ಎಲೆಯ ಗಿಡಕ್ಕೆ ಇದು ಸಾಲದೆಂದು ಕಂಡರೆ ಮುಂದಿನ ಸಲ ಎರಡು ಚೂರು, ಎಂದರೆ ೧೦ ಗ್ರಾಂ ಹಾಕಬಹುದು. ಅದಕ್ಕಿಂತ ಮೇಲೆ ಹೋಗಬೇಡಿ. ಹೆಚ್ಚು ಹಾಕಿದರೆ ಹೆಚ್ಚು ಗುಣವೆಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕೀಟದ ಮೈಯ ಮೇಣವನ್ನು ತೆಗೆಯುವ ವಸ್ತು ಎಲೆಯ ಮೈಯ ಮೇಣವನ್ನೂ ತೆಗೆಯಬಲ್ಲುದು.

ನೀರನ್ನೂ ಸ್ವಲ್ಪ ವಿಚಾರಿಸಿಕೊಳ್ಳಿ. ಕೊಳವೆ ಬಾವಿಯ ನೀರು ಅನೇಕ ಕಡೆ ಗಡಸು. ಅದರಲ್ಲಿರುವ ಸುಣ್ಣದ ಅಂಶ ಸಾಬೂನನ್ನು ಹಿಡಿದು ಗಸಿಯಾಗಿ ಮಾಡಿಬಿಡುತ್ತದೆ. ಕೀಟಕ್ಕೆ ತಾಗಲು ಸಾಬೂನೇ ಉಳಿಯುವುದಿಲ್ಲ. ಪರೀಕ್ಷೆ ಹೀಗೆ: ಒಂದು ಸೀಸೆಯಲ್ಲಿ ಕರಗಿಸಿದ ನೀರು ಹಾಕಿ ಕುಲುಕಿ. ನೊರೆ ಎದ್ದು ನಿಂತರೆ ಸರಿ. ಒಡೆದ ಹಾಲಿನಂತೆ ಬಿಳಿಯ ಚೂರುಗಳು ತೇಲಿದರೆ ಆ ನೀರು ಬೇಡ. ಮಳೆಯ ನೀರು ಹಿಡಿದಿಟ್ಟಿದ್ದರೆ ಅದು ಎಲ್ಲಕ್ಕಿಂತ ಒಳ್ಳೆಯದು. ಇಲ್ಲವಾದರೆ ಕುಡಿಯಲು ಶುದ್ಧಮಾಡಿದ ನೀರನ್ನು ಒಂದು ಲೀಟರು ತೆಗೆದುಕೊಂಡರಾಯಿತು.

ಹೊಡೆಯುವ ಮುನ್ನ ಒಂದೆರಡು ಎಲೆಗೆ ಮಾತ್ರ ಹಚ್ಚಿ ಎರಡು ದಿನ ಕಾಯಿರಿ. ಎಲೆಯ ಅಂಚು ಕಂದಾಗದಿದ್ದರೆ ಇಡೀ ಗಿಡಕ್ಕೆ ಕೈ ಹಾಕಿ. ಜರಿಗಿಡಗಳು ಸಾಬೂನನ್ನು ತಾಳುವುದಿಲ್ಲ. ಬೂದಿ ಬಳಿದಂತೆ ಬೆಳ್ಳನೆಯ ಪೊರೆಯಿರುವ ದಪ್ಪ ಎಲೆಯ ಗಿಡಗಳ ಅಂದ ಅದರಿಂದ ಕೆಡುತ್ತದೆ. ನೀರಿಲ್ಲದೆ ಬಾಡಿದ ಗಿಡಕ್ಕೂ, ನಿನ್ನೆಯಷ್ಟೇ ಕುಂಡ ಬದಲಾಯಿಸಿದ ಗಿಡಕ್ಕೂ ಹೊಡೆಯಬೇಡಿ.

ಕಾಲ ಬೆಳಗಿನ ಜಾವ ಅಥವಾ ಸಂಜೆ. ಬಿಸಿಲಿನಲ್ಲಿ ಸಾಬೂನಿನ ನೀರು ಬೇಗ ಆರಿಹೋಗಿ ಕೀಟ ಬದುಕುತ್ತದೆ, ಎಲೆ ಸುಡುತ್ತದೆ. ಉಷ್ಣತೆ ೩೨ ಡಿಗ್ರಿ ಸೆಲ್ಸಿಯಸ್ ದಾಟಿದಾಗ ಬೇಡ. ಕಲಬುರಗಿ, ಬಳ್ಳಾರಿಗಳ ಏಪ್ರಿಲ್ ತಿಂಗಳಲ್ಲಿ ಸಂಜೆಯೂ ಕಾದಿರುತ್ತದೆ; ಅಲ್ಲಿಯವರು ಸೂರ್ಯೋದಯಕ್ಕೆ ಮೊದಲೇ ಎದ್ದರೆ ಒಳ್ಳೆಯದು. ಕುಂಡದ ಮಣ್ಣಿನ ಮೇಲೆ ಹಳೆಯ ಬಟ್ಟೆ ಹೊದಿಸಿ, ಸಾಬೂನು ಬೇರಿಗೆ ಇಳಿಯದಿರಲಿ. ತುಂತುರು ಬರುವ ಸೀಸೆಯಲ್ಲಿ ನೀರು ತುಂಬಿ ಎಲೆಯ ಅಡಿಭಾಗದಿಂದ ಆರಂಭಿಸಿ. ಇದನ್ನು ಒತ್ತಿ ಹೇಳುತ್ತಿದ್ದೇನೆ. ನಾವು ಗಿಡವನ್ನು ಮೇಲಿನಿಂದ ನೋಡುತ್ತೇವೆ. ಕೀಟ ಕೆಳಗಿನಿಂದ ಬದುಕುತ್ತದೆ. ಒಂದು ಕೈಯಲ್ಲಿ ಎಲೆ ಮಗುಚಿ ಹಿಡಿದು, ಇನ್ನೊಂದು ಕೈಯಲ್ಲಿ ಹನಿ ತೊಟ್ಟಿಕ್ಕುವವರೆಗೆ ಹೊಡೆಯಿರಿ. ಎಲೆಯ ಕಂಕುಳು, ಕೊಂಬೆಯ ಕವಲು, ಮೊಗ್ಗಿನ ತೊಟ್ಟು ಇವೇ ತಿಗಣೆಯ ಬಿಡಾರಗಳು. ಎರಡು ಗಂಟೆಯ ಬಳಿಕ ಬರಿಯ ನೀರಿನಿಂದ ಗಿಡ ತೊಳೆದುಬಿಟ್ಟರೆ ಎಲೆಗೂ ಕ್ಷೇಮ. ದುಂಬಿ, ಜೇನು ಬರುವ ಅರಳಿದ ಹೂವಿನ ಮೇಲೆ ಹೊಡೆಯದಿರಿ. ಕರಿಬೇವು, ದೊಡ್ಡಪತ್ರೆ, ತುಳಸಿಗಳ ಎಲೆ ಕೀಳುವಾಗ ಚೆನ್ನಾಗಿ ತೊಳೆದೇ ಬಳಸಿ.

ಮಾರನೆಯ ದಿನ ಸತ್ತ ಕೀಟಗಳನ್ನು ಕಂಡು ನೀವು ಗೆದ್ದೆನೆಂದು ಹಿಗ್ಗುವಿರಿ. ಆದರೆ ಗೆಲುವು ಅರ್ಧ ಮಾತ್ರ. ಹಿಟ್ಟು ತಿಗಣೆಯ ಹತ್ತಿಯಂಥ ಚೀಲದೊಳಗೆ ನೂರಾರು ಮೊಟ್ಟೆಗಳಿರುತ್ತವೆ; ಸಾಬೂನು ಅವುಗಳಿಗೆ ಹೆಚ್ಚೇನೂ ಮಾಡಲಾರದು. ಒಂದು ವಾರದಲ್ಲಿ ಅವು ಒಡೆದು ಹಳದಿ ಚುಕ್ಕೆಯಂಥ ಮರಿಗಳು ಹರಿದಾಡುತ್ತವೆ. ಮೇಣದ ಹೊದಿಕೆ ಇನ್ನೂ ಬಂದಿರದ ಈ ಮರಿಗಳೇ ಸಾಬೂನಿಗೆ ತೀರ ಸುಲಭದ ತುತ್ತು. ಆದ್ದರಿಂದ ಐದರಿಂದ ಏಳು ದಿನಕ್ಕೊಮ್ಮೆ, ಮೂರು ನಾಲ್ಕು ಸಲ ಹೊಡೆಯಲೇಬೇಕು. ಒಂದು ಸಲ ಹೊಡೆದು ಬಿಟ್ಟವರೇ "ಸಾಬೂನಿನಿಂದ ಏನೂ ಆಗುವುದಿಲ್ಲ" ಎಂದು ಹೇಳುವವರು. ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಒಂದು ಗುರುತು ಹಾಕಿಕೊಳ್ಳಿ.

ಇನ್ನು ಸ್ಪಿರಿಟ್ಟು. ಸೂಜಿ ಚುಚ್ಚುವ ಮುನ್ನ ತೋಳಿಗೆ ಒರೆಸುವರಲ್ಲ, ಆ ತಣ್ಣನೆಯ ದ್ರವವೇ. ಔಷಧಿ ಅಂಗಡಿಯಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲ್ ಶೇಕಡಾ ೭೦ ಎಂದು ಕೇಳಿದರೆ ಕೊಡುತ್ತಾರೆ. ೨೦೨೦ರ ಕೊರೋನಾ ಕಾಲದಲ್ಲಿ ಈ ಹೆಸರು ಮನೆಮನೆಗೂ ಪರಿಚಯವಾಯಿತು. ಅದು ಮೇಣವನ್ನು ಕರಗಿಸಿ ಕೀಟದ ಮೈಯ ನೀರನ್ನು ಆರಿಸಿಬಿಡುತ್ತದೆ. ಶೇಕಡಾ ೭೦ರದೇ ಏಕೆ? ಅದರಲ್ಲಿರುವ ನೀರಿನಿಂದಾಗಿ ಅದು ತಟ್ಟನೆ ಹಾರಿಹೋಗದೆ ತುಸು ಹೊತ್ತು ಮೈಮೇಲೆ ನಿಲ್ಲುತ್ತದೆ.

ಸ್ಪಿರಿಟ್ಟನ್ನು ಹೊಡೆಯುವ ಬದಲು ಹಚ್ಚುವುದು ಲೇಸು. ಬೆಂಕಿಕಡ್ಡಿಯ ತುದಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ, ಒಂದೊಂದೇ ತಿಗಣೆಗೆ ಮುಟ್ಟಿಸಿ. ಬಿಳಿಯ ಹಿಟ್ಟು ಕರಗಿ ಒಳಗಿನ ಕಂದು ಮೈ ಕಾಣಿಸಿತೆಂದರೆ ಅದರ ಕಥೆ ಮುಗಿಯಿತು. ಶಲ್ಕ ಕೀಟವಾದರೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ ಎಬ್ಬಿಸಿ, ಆಮೇಲೆ ಹಚ್ಚಿ. ಒಂದೆರಡು ಕುಂಡಗಳಲ್ಲಿ ಹತ್ತಿಪ್ಪತ್ತು ತಿಗಣೆ ಇದ್ದಾಗ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಗಿಡವೆಲ್ಲ ಮುತ್ತಿದ್ದರೆ ಸಾಬೂನೇ ಸರಿ. ನಯವಾದ, ರೋಮವಿರುವ ಎಲೆಗೆ ಸಮಪಾಲು ನೀರು ಬೆರೆಸಿ ಒಂದು ಕಡೆ ಪರೀಕ್ಷಿಸಿ ನೋಡಿ.

ಸ್ಪಿರಿಟ್ಟಿಗೆ ಬೆಂಕಿ ಬಹಳ ಬೇಗ ಹತ್ತುತ್ತದೆಂಬುದನ್ನು ಮರೆಯಬಾರದು. ತುಳಸಿಯ ಮುಂದೆ ಸಂಜೆ ದೀಪ ಹಚ್ಚುವ ಮನೆ ನಮ್ಮದು, ನಿಮ್ಮದು. ದೀಪ, ಊದುಬತ್ತಿ, ಒಲೆ ಇವು ಉರಿಯುತ್ತಿರುವಾಗ ಸ್ಪಿರಿಟ್ಟಿನ ಸೀಸೆ ತೆರೆಯಬೇಡಿ. ತುಳಸಿಗೆ ಹಚ್ಚುವುದಿದ್ದರೆ ಬೆಳಕಿರುವಾಗಲೇ ಹಚ್ಚಿ, ಆರಲು ಬಿಟ್ಟು, ಸೀಸೆಯನ್ನು ಒಳಗಿಟ್ಟ ಮೇಲೆ ದೀಪದ ಮಾತು. ಕಿಟಕಿ ತೆರೆದಿರಲಿ. ಬಣ್ಣದ ಅಂಗಡಿಯಲ್ಲಿ ಸಿಗುವ ಸ್ಪಿರಿಟ್ಟು ಬೇಡವೇ ಬೇಡ. ಅದರಲ್ಲಿ ಮೆಥನಾಲ್ ಎಂಬ ವಿಷ ಸೇರಿರಬಹುದು. ಕೈಗೆ ಹಚ್ಚುವ ಸ್ಯಾನಿಟೈಸರ್ ಲೋಳೆಯಲ್ಲಿ ಗ್ಲಿಸರಿನ್ನು, ಸುವಾಸನೆ ಸೇರಿರುವುದರಿಂದ ಅದೂ ಎಲೆಗೆ ಹಿತವಲ್ಲ. ಸಾಬೂನಿನ ನೀರಾಗಲಿ ಸ್ಪಿರಿಟ್ಟಾಗಲಿ, ಸೀಸೆಯ ಮೇಲೆ ದಪ್ಪ ಅಕ್ಷರದಲ್ಲಿ ಹೆಸರು ಬರೆದು ಮಕ್ಕಳ ಕೈಗೆ ಎಟುಕದಂತೆ ಇಡಿ. ಪಾನೀಯದ ಸೀಸೆಯನ್ನು ಮಾತ್ರ ಇದಕ್ಕೆ ಎಂದೂ ಬಳಸಬೇಡಿ. ಈ ಮಾತಿನ ಕಾರಣ ನಿಮಗೆ ಆಗಲೇ ತಿಳಿದಿದೆ.

ಕೀಟ ಸತ್ತರೂ ಇರುವೆ ಉಳಿದರೆ ಅದು ಹೊಸ ಕೀಟಗಳಿಗೆ ಕಾವಲಾಗಿ ನಿಲ್ಲುತ್ತದೆ. ಹಿಂದೆ ನಮ್ಮ ಅಜ್ಜಿಯಂದಿರು ಹಾಲು ಮೊಸರಿನ ಗೂಡಿನ ನಾಲ್ಕು ಕಾಲಿಗೂ ನೀರು ತುಂಬಿದ ಬಟ್ಟಲಿಡುತ್ತಿದ್ದರು. ಕುಂಡಕ್ಕೂ ಅದೇ ಉಪಾಯ. ಅಗಲವಾದ ತಟ್ಟೆಯಲ್ಲಿ ನೀರು ಹಾಕಿ, ನಡುವೆ ಇಟ್ಟಿಗೆಯಿಟ್ಟು, ಅದರ ಮೇಲೆ ಕುಂಡ ಕೂರಿಸಿ. ಗಿಡದ ಎಲೆ ಗೋಡೆಗೆ ತಾಗದಿರಲಿ. ಅದೇ ಇರುವೆಗೆ ಸೇತುವೆ. ಆ ತಟ್ಟೆಯ ನೀರನ್ನು ಎರಡು ದಿನಕ್ಕೊಮ್ಮೆ ಚೆಲ್ಲಿ ಬದಲಾಯಿಸಿ. ಹೇನಿಗೆ ಹೆದರಿ ಡೆಂಗೆಯ ಸೊಳ್ಳೆಯನ್ನು ಸಾಕಿದಂತೆ ಆಗಬಾರದು.

ಮಿತ್ರರ ಮಾತನ್ನೂ ಹೇಳಬೇಕು. ಹಿಟ್ಟು ತಿಗಣೆಯನ್ನೇ ತಿಂದು ಬದುಕುವ ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳುವನ್ನು ೧೮೯೮ರಲ್ಲಿ ಆಸ್ಟ್ರೇಲಿಯಾದಿಂದ ನಮ್ಮ ದೇಶಕ್ಕೆ ತಂದರು. ಈಗ ಅದು ದಕ್ಷಿಣ ಭಾರತದಲ್ಲಿ ಬೇರೂರಿದೆ. ಅದರ ಮರಿಯ ಮೈತುಂಬ ಬಿಳಿಯ ಮೇಣದ ಎಳೆಗಳು. ನೋಡಿದರೆ ದೊಡ್ಡ ಹಿಟ್ಟು ತಿಗಣೆಯೆಂದೇ ಭ್ರಮೆ. ಆದರೆ ತಿಗಣೆ ಕೂತಲ್ಲೇ ಕೂತಿರುತ್ತದೆ; ಈ ಮರಿ ಚುರುಕಾಗಿ ಓಡಾಡುತ್ತ ಒಂದೊಂದನ್ನೇ ಹಿಡಿದು ತಿನ್ನುತ್ತದೆ. ಅದನ್ನು ಕಂಡರೆ ಸಾಬೂನು ಕೆಳಗಿಡಿ. ಸಾಬೂನು ಒಣಗಿದ ಮೇಲೆ ಬರುವ ಮಿತ್ರಕೀಟಕ್ಕೆ ತೊಂದರೆಯಿಲ್ಲವಾದರೂ ನೇರವಾಗಿ ಮೈಮೇಲೆ ಬಿದ್ದರೆ ಅದರ ಎಳೆಯ ಮರಿ ಬದುಕುವುದು ಕಷ್ಟ.

ಮಿತ್ರರ ಬಲ ಎಷ್ಟೆಂಬುದಕ್ಕೆ ನಮ್ಮ ಕಾಲದಲ್ಲೇ ನಡೆದ ಒಂದು ಸಂಗತಿ ಇದೆ. ೨೦೦೮ರಲ್ಲಿ ಕೊಯಮತ್ತೂರಿನಲ್ಲಿ ಪರಂಗಿಯ ಹಿಟ್ಟು ತಿಗಣೆ ಎಂಬ ಪರದೇಶದ ಕೀಟ ಕಾಣಿಸಿಕೊಂಡಿತು. ಅಲ್ಲಿಂದ ಕರ್ನಾಟಕಕ್ಕೂ ಬಂದು ಪರಂಗಿ, ಹಿಪ್ಪುನೇರಳೆ ತೋಟಗಳನ್ನು ಬೆಳ್ಳಗೆ ಮಾಡಿತು. ಮನೆಯಂಗಳದ ದಾಸವಾಳವನ್ನೂ ಬಿಡಲಿಲ್ಲ. ವಿಷ ಹೊಡೆದಷ್ಟೂ ಅದು ಮರಳಿ ಬಂತು. ಕೊನೆಗೆ ೨೦೧೦ರಲ್ಲಿ ಬೆಂಗಳೂರಿನ ಕೃಷಿ ಕೀಟಗಳ ರಾಷ್ಟ್ರೀಯ ಸಂಸ್ಥೆಯವರು ಪೋರ್ಟೊ ರಿಕೊ ದ್ವೀಪದಿಂದ ಮೂರು ಬಗೆಯ ಪುಟ್ಟ ಕಣಜಗಳನ್ನು ತರಿಸಿ ಬಿಟ್ಟರು. ತಿಗಣೆಯ ಮೈಯೊಳಗೇ ಮೊಟ್ಟೆಯಿಡುವ ಕಣಜಗಳು ಅವು. ವಿಷಕ್ಕೆ ಬಗ್ಗದ ಕೀಟ ಇವುಗಳಿಗೆ ಬಗ್ಗಿತು. ಬಾಲ್ಕನಿಯಲ್ಲಿ ನಿಂತು ಪ್ರಬಲ ವಿಷ ಹೊಡೆಯುವವರು ಇಂಥ ಕಣಜಗಳನ್ನೂ ಕೊಲ್ಲುತ್ತಾರೆ. ಮುಂದಿನ ಸಲ ಕೀಟ ಬಂದಾಗ ಅದನ್ನು ತಡೆಯುವವರೇ ಇರುವುದಿಲ್ಲ.

ಸಾಬೂನು ಸರ್ವರೋಗಕ್ಕೂ ಮದ್ದಲ್ಲವೆಂದೂ ಹೇಳಿಬಿಡಬೇಕು. ಎಲೆ ತಿನ್ನುವ ಕಂಬಳಿಹುಳುವಿಗೆ, ಮಣ್ಣಿನೊಳಗೆ ಬೇರಿಗೆ ಅಂಟಿದ ತಿಗಣೆಗೆ, ಎಲೆಯ ಪದರದೊಳಗೆ ಸುರಂಗ ಕೊರೆಯುವ ಹುಳುವಿಗೆ ಅದು ತಲುಪದು. ನೀರು ಹೆಚ್ಚಾಗಿ ಬೇರು ಕೊಳೆತು ಹಳದಿಯಾದ ಗಿಡಕ್ಕೆ ಎಷ್ಟು ಸಾಬೂನು ಹೊಡೆದರೂ ವ್ಯರ್ಥ. ಗೊಬ್ಬರ ಅತಿಯಾದರೆ ಚಿಗುರು ಮೆತ್ತಗಾಗಿ ಹೇನಿಗೆ ಔತಣವಾಗುತ್ತದೆ. ಅಂಗಡಿಯಿಂದ ತಂದ ಹೊಸ ಗಿಡವನ್ನು ಎರಡು ವಾರ ಬೇರೆಯೇ ಇಟ್ಟು ನೋಡಿ, ಆಮೇಲೆ ಹಳೆಯವರ ಸಾಲಿಗೆ ಸೇರಿಸಿ. ಪೂರ್ತಿ ಮುತ್ತಿಹೋದ ಕೊಂಬೆಯನ್ನು ಮರುಕಪಡದೆ ಕತ್ತರಿಸಿ, ಚೀಲದಲ್ಲಿ ಕಟ್ಟಿ ಎಸೆಯಿರಿ.

ಇಷ್ಟೆಲ್ಲ ಓದಿ, "ಇದು ಬಹಳ ಕೆಲಸವಾಯಿತಲ್ಲ!" ಎಂದು ನಿಮಗೆ ಅನಿಸಿರಬಹುದು. ನಿಜ. ಅಂಗಡಿಯ ವಿಷ ನಿಮ್ಮ ಸಮಯ ಉಳಿಸುತ್ತದೆ. ಸಾಬೂನು ಸಮಯ ಕೇಳುತ್ತದೆ. ಆದರೆ ಕೀಟ ನಾಲ್ಕು ಇರುವಾಗಲೇ ಕಂಡರೆ ಕೇಳುವುದು ಐದು ನಿಮಿಷ, ನಾಲ್ಕು ಸಾವಿರವಾದ ಮೇಲೆ ಕಂಡರೆ ಐದು ವಾರ. ನಮ್ಮ ಅತ್ತೆಯವರಿಗೆ ಈಗ ಎಂಬತ್ತು ದಾಟಿದೆ, ಕಣ್ಣು ಮಂದ. ತಿಗಣೆ ಅವರಿಗೆ ಕಾಣುವುದಿಲ್ಲ. ಆದರೂ ಪ್ರತಿದಿನ ಬೆಳಿಗ್ಗೆ ಹೂ ಕೊಯ್ಯುವಾಗ ಒಂದೊಂದು ಎಲೆಯ ಅಡಿಗೂ ಬೆರಳು ಆಡಿಸುತ್ತಾರೆ. ಯಾವುದೋ ಒಂದು ದಿನ, "ಇಲ್ಲಿ ಜಿಗುಟು ಹತ್ತಿತು, ಬಂದು ನೋಡಮ್ಮ" ಎಂದು ಕರೆಯುತ್ತಾರೆ. ನಾನು ಹತ್ತಿ ಸುತ್ತಿದ ಕಡ್ಡಿ ಹಿಡಿದು ಹೋಗುತ್ತೇನೆ. ನಾಳೆ ಬೆಳಿಗ್ಗೆ ಕಾಫಿ ಮುಗಿದ ಮೇಲೆ ನೀವೂ ನಿಮ್ಮ ಗಿಡದ ಒಂದು ಎಲೆಯನ್ನು ಮಗುಚಿ ನೋಡಿ.